ಪವಿತ್ರ ರೋಮನ್ ಸಾಮ್ರಾಜ್ಯದ ಪುಟ್ಟ ಪುಟ್ಟ ರಾಜ್ಯಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯ ಚರಿತ್ರೆಯ ಮಾತು ಬಂದಾಗಲೆಲ್ಲ ಓದುಗರು, ಗೆಳೆಯರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಕೇಳಿದವರ ಧಾಟಿಯನ್ನು ಆದಷ್ಟೂ ಹಾಗೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತೊಡಕಿನವು ಆಮೇಲೆ.

## ಮೊದಮೊದಲ ಪ್ರಶ್ನೆಗಳು

ಇದು ಸೀಸರ್ ಕಾಲದ ರೋಮ್ ಸಾಮ್ರಾಜ್ಯವೇ ಅಲ್ವಾ?

ಅಲ್ಲ. ಹಳೆಯ ರೋಮಿನ ಪಶ್ಚಿಮ ಭಾಗ 5ನೇ ಶತಮಾನದಲ್ಲೇ ಮುಗಿದುಹೋಗಿತ್ತು. 800ನೇ ಇಸವಿಯ ಕ್ರಿಸ್ಮಸ್ ದಿನ ಪೋಪ್, ಫ್ರಾಂಕರ ದೊರೆ ಶಾರ್ಲ್‌ಮೇನ್‌ಗೆ ಚಕ್ರವರ್ತಿಯ ಕಿರೀಟ ತೊಡಿಸಿದರು. 962ರಲ್ಲಿ ಜರ್ಮನ್ ದೊರೆ ಒಂದನೇ ಒಟ್ಟೋನಿಗೆ ಅದೇ ಪಟ್ಟ ಬಂತು. ಅಲ್ಲಿಂದ 1806ರವರೆಗೆ ಈ ಸಾಮ್ರಾಜ್ಯ ಬದುಕಿತ್ತು. ಇಂದಿನ ಜರ್ಮನಿ, ಆಸ್ಟ್ರಿಯಾ, ಜೆಕ್ ನಾಡು ಅದರ ನಡುಭಾಗ. ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್ ಬಹುಕಾಲ ಅದರೊಳಗೇ ಇದ್ದು ಆಮೇಲೆ ಕಳಚಿಕೊಂಡವು.

ಒಳಗೆ ಎಷ್ಟು ರಾಜ್ಯಗಳಿದ್ದವು? ಒಬ್ಬರು 300 ಅಂತಾರೆ, ಇನ್ನೊಬ್ಬರು 1,800 ಅಂತಾರೆ.

ಇಬ್ಬರೂ ಸರಿಯೇ, ಎಣಿಸುವ ರೀತಿ ಬೇರೆ. ಸಾಮ್ರಾಜ್ಯದ ಮಹಾಸಭೆಯಲ್ಲಿ ಜಾಗವಿದ್ದ ಡ್ಯೂಕ್, ಕೌಂಟ್, ಬಿಷಪ್, ಮಠ, ನಗರಗಳನ್ನು ಲೆಕ್ಕ ಹಾಕಿದರೆ ಸುಮಾರು 300 ಆಗುತ್ತವೆ. ಸಭೆಯಲ್ಲಿ ಜಾಗವಿಲ್ಲದಿದ್ದರೂ ಚಕ್ರವರ್ತಿಗೆ ಮಾತ್ರ ತಲೆಬಾಗುತ್ತಿದ್ದ ನೈಟ್‌ಗಳ ಸುಮಾರು 1,500 ಜಹಗೀರುಗಳನ್ನೂ ಸೇರಿಸಿದರೆ ದೊಡ್ಡ ಸಂಖ್ಯೆ ಬರುತ್ತದೆ. ಒಬ್ಬನೇ ದೊರೆ ಹತ್ತು ಬಿಡಿ ಬಿಡಿ ತುಂಡುಗಳನ್ನು ಆಳುತ್ತಿದ್ದದ್ದೂ, ಒಂದೇ ಹಳ್ಳಿಯಲ್ಲಿ ಮೂವರು ಒಡೆಯರು ಪಾಲು ಹಂಚಿಕೊಂಡಿದ್ದದ್ದೂ ಉಂಟು. ಹಾಗಾಗಿ ಕೊನೆಯ ಅಂಕಿ ಯಾವುದು ಎಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ನನಗೆ ಸಂಖ್ಯೆಗಿಂತ ರೇಗನ್ಸ್‌ಬರ್ಗ್ ಊರಿನ ಉದಾಹರಣೆ ಹೆಚ್ಚು ಇಷ್ಟ. ಡ್ಯಾನ್ಯೂಬ್ ದಂಡೆಯ ಆ ಒಂದೇ ಕೋಟೆಗೋಡೆಯೊಳಗೆ ಐದು ಸ್ವತಂತ್ರ ಘಟಕಗಳಿದ್ದವು: ಪ್ರಾಟೆಸ್ಟೆಂಟ್ ನಗರಸಭೆ, ಕ್ಯಾಥೊಲಿಕ್ ಬಿಷಪ್, ಸೇಂಟ್ ಎಮ್ಮೆರಾಮ್ ಮಠ, ಮತ್ತೆ ಎರಡು ಮಹಿಳಾ ಮಠಗಳು. ಬೀದಿ ದಾಟಿದರೆ ಬೇರೆ ಪ್ರಭುವಿನ ನೆಲ.

ಯಾರು ಒಡೆದದ್ದು? ಇಷ್ಟೊಂದು ಚೂರಾಗೋಕೆ ಏನು ಕಾರಣ?

ಯಾರೂ ಕೂತು ಒಡೆದದ್ದಲ್ಲ. ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಸಿಂಹಾಸನ ವಂಶಪಾರಂಪರ್ಯವಾಗಿ ಸಾಗಿ ಕೇಂದ್ರ ಗಟ್ಟಿಯಾಯಿತು. ಇಲ್ಲಿ ಚಕ್ರವರ್ತಿಯನ್ನು ಆರಿಸುವ ಪದ್ಧತಿ. ಆಯ್ಕೆಯಾಗಬೇಕಾದವನು ಆರಿಸುವವರಿಗೆ ಏನಾದರೂ ಬಿಟ್ಟುಕೊಡಲೇಬೇಕು. ಇಟಲಿಯ ಜಗಳಗಳಲ್ಲಿ ಮುಳುಗಿದ್ದ ಚಕ್ರವರ್ತಿ ಎರಡನೇ ಫ್ರೆಡರಿಕ್ 1220ರಲ್ಲಿ ಬಿಷಪ್‌ಗಳಿಗೆ, 1231-32ರಲ್ಲಿ ಉಳಿದ ದೊರೆಗಳಿಗೆ ಸುಂಕ, ನಾಣ್ಯ, ನ್ಯಾಯದ ಹಕ್ಕುಗಳನ್ನು ಬರೆದುಕೊಟ್ಟ. ಅವನು 1250ರಲ್ಲಿ ಸತ್ತ ಮೇಲೆ ಎರಡು ದಶಕ ಗಟ್ಟಿ ಚಕ್ರವರ್ತಿಯೇ ಇರಲಿಲ್ಲ. ಕೈಗೆ ಬಂದದ್ದನ್ನು ಯಾರೂ ವಾಪಸು ಕೊಡಲಿಲ್ಲ.

ಎರಡನೆಯದು ಪಾಲು. ಹಿರಿಯ ಮಗನಿಗೇ ಎಲ್ಲ ಎಂಬ ನಿಯಮ ಅನೇಕ ಮನೆತನಗಳಲ್ಲಿ ಬಹಳ ತಡವಾಗಿ ಬಂತು. ನಮ್ಮ ಕಡೆ ನಾಲ್ಕು ಎಕರೆ ತೋಟ ಅಣ್ಣತಮ್ಮಂದಿರ ನಡುವೆ ಹರಿದು ಹಂಚಿಹೋಗುವ ಹಾಗೆ ಅಲ್ಲಿ ರಾಜ್ಯಗಳೇ ಹೋದವು. ತುರಿಂಗಿಯಾ ಪ್ರದೇಶ ಇದಕ್ಕೆ ಸಾಕ್ಷಿ: ಗೋಥಾದ ಡ್ಯೂಕ್ ಎರ್ನ್‌ಸ್ಟ್ 1675ರಲ್ಲಿ ತೀರಿಕೊಂಡ. ಉಳಿದಿದ್ದ ಗಂಡುಮಕ್ಕಳು ಏಳು. 1680ರಲ್ಲಿ ಏಳು ಪಾಲು. ಗೋಥಾ, ಕೋಬರ್ಗ್, ಮೈನಿಂಗನ್, ರ‍್ಯೋಮ್‌ಹಿಲ್ಡ್, ಐಸೆನ್‌ಬರ್ಗ್, ಹಿಲ್ಡ್‌ಬರ್ಗ್‌ಹೌಸನ್, ಜಾಲ್‌ಫೆಲ್ಡ್. ಪಕ್ಕದ ರಾಯ್ಸ್ ಮನೆತನದವರು ಇನ್ನೂ ವಿಚಿತ್ರ, ಅಲ್ಲಿ ಹುಟ್ಟಿದ ಗಂಡುಮಕ್ಕಳೆಲ್ಲರ ಹೆಸರೂ ಹೈನ್‌ರಿಖ್. ಗುರುತಿಗೆ ನಂಬರ್ ಮಾತ್ರ, ಅದೂ ಎಪ್ಪತ್ತು ದಾಟಿ ಹೋಗುತ್ತಿತ್ತು.

ಬಿಷಪ್‌ಗಳು, ಸನ್ಯಾಸಿನಿಯರು ಕೂಡ ರಾಜ್ಯ ಆಳ್ತಿದ್ರಂತೆ, ನಿಜವಾ?

ನಿಜ. ಮೈಂಜ್, ಟ್ರಿಯರ್, ಕಲೋನ್ ನಗರಗಳ ಆರ್ಚ್‌ಬಿಷಪ್‌ಗಳು ಬರೀ ಆಳುತ್ತಿದ್ದದ್ದಲ್ಲ, ಚಕ್ರವರ್ತಿಯನ್ನು ಆರಿಸುವ ಏಳು ಮಂದಿಯಲ್ಲಿ ಮೂವರು ಅವರೇ. ಉಳಿದ ನಾಲ್ವರು ಬೊಹೀಮಿಯಾದ ರಾಜ, ರೈನ್ ಪ್ಯಾಲಟಿನೇಟ್, ಸ್ಯಾಕ್ಸನಿ, ಬ್ರಾಂಡೆನ್‌ಬರ್ಗ್‌ಗಳ ದೊರೆಗಳು. 1356ರ ‘ಸುವರ್ಣ ಶಾಸನ’ ಈ ಪಟ್ಟಿಯನ್ನು ಗಟ್ಟಿ ಮಾಡಿತು.

ಮಹಿಳಾ ಮಠಗಳಲ್ಲಿ ಕ್ವೆಡ್ಲಿನ್‌ಬರ್ಗ್ ಹೆಸರಾದದ್ದು. ಅದರ ಅಧ್ಯಕ್ಷೆಗೆ ಮಹಾಸಭೆಯಲ್ಲಿ ಸ್ಥಾನವಿತ್ತು. 18ನೇ ಶತಮಾನದಲ್ಲಿ ಪ್ರಷ್ಯಾದ ಮಹಾರಾಜ ಫ್ರೆಡರಿಕ್‌ನ ತಂಗಿ ಅನ್ನಾ ಅಮಾಲಿಯಾ ಆ ಪೀಠದಲ್ಲಿದ್ದಳು. ಆಕೆ ಹೆಚ್ಚುಕಾಲ ಇದ್ದದ್ದು ಬರ್ಲಿನ್ನಿನಲ್ಲಿ, ಮನಸ್ಸಿದ್ದದ್ದು ಸಂಗೀತದಲ್ಲಿ. ಓಸ್ನಾಬ್ರೂಕ್‌ನಲ್ಲಂತೂ 1764ರಲ್ಲಿ ಆರು ತಿಂಗಳ ಕೂಸನ್ನು ಬಿಷಪ್ ಆಗಿ ಆರಿಸಿದರು. ಕೂಸು ಇಂಗ್ಲೆಂಡಿನ ಮೂರನೇ ಜಾರ್ಜ್‌ನ ಮಗ ಫ್ರೆಡರಿಕ್.

ಎಲ್ಲಕ್ಕಿಂತ ಚಿಕ್ಕದು ಯಾವುದು?

ಬರೀ ಹಳ್ಳಿಗಳು. ಶ್ವೈನ್‌ಫುರ್ಟ್ ಬಳಿಯ ಗೊಖ್ಸ್‌ಹೈಮ್ ಮತ್ತು ಜೆನ್‌ಫೆಲ್ಡ್ ‘ಸಾಮ್ರಾಜ್ಯ ಗ್ರಾಮಗಳು’. ಅಲ್ಲಿನ ರೈತರ ಮೇಲೆ ಚಕ್ರವರ್ತಿಯ ಹೊರತು ಬೇರೆ ಒಡೆಯನಿಲ್ಲ. ಇಂಥ ಹಳ್ಳಿಗಳು ಮೊದಲು ಬಹಳ ಇದ್ದವು, ಕೊನೆಯವರೆಗೆ ಉಳಿದವು ಬೆರಳೆಣಿಕೆಯಷ್ಟು.

## ಒಳಗಿನ ವ್ಯವಸ್ಥೆ

ದೊಡ್ಡ ಮೀನು ಚಿಕ್ಕ ಮೀನನ್ನ ನುಂಗಲಿಲ್ಲ ಯಾಕೆ? ಪಕ್ಕದಲ್ಲೇ ಬವೇರಿಯಾ, ಪ್ರಷ್ಯಾ ಇದ್ದವಲ್ಲ?

ಈ ಪುಟದಲ್ಲಿ ಒಂದೇ ಪ್ರಶ್ನೆ ಓದುವುದಾದರೆ ಇದನ್ನು ಓದಿ. ಸೈನ್ಯವೇ ಇಲ್ಲದ ಒಂದು ಮಠ, ಮೂರು ಸಾವಿರ ಜನರಿದ್ದ ಒಂದು ನಗರ, ಐನೂರು ವರ್ಷ ಹೇಗೆ ಉಳಿದವು?

ಕಾಗದದಿಂದ. 1495ರಲ್ಲಿ ವೋರ್ಮ್ಸ್ ಊರಲ್ಲಿ ಸೇರಿದ ಮಹಾಸಭೆ ಖಾಸಗಿ ಯುದ್ಧಗಳನ್ನು ಶಾಶ್ವತವಾಗಿ ನಿಷೇಧಿಸಿ, ಜಗಳ ತೀರಿಸಲು ಸಾಮ್ರಾಜ್ಯದ ನ್ಯಾಯಾಲಯ ಸ್ಥಾಪಿಸಿತು. ಅದು ಬಹುಕಾಲ ಸ್ಪೈಯರ್‌ನಲ್ಲಿ, 1690ರ ದಶಕದಿಂದ ವೆಟ್ಜ್‌ಲಾರ್‌ನಲ್ಲಿ ನಡೆಯಿತು. ವಿಯೆನ್ನಾದಲ್ಲಿ ಚಕ್ರವರ್ತಿಯ ಸ್ವಂತ ನ್ಯಾಯಮಂಡಳಿ ಇನ್ನೊಂದಿತ್ತು. ನೆರೆಯವನು ಕಾಡು ಒತ್ತುವರಿ ಮಾಡಿದರೆ ಕೌಂಟ್ ತನ್ನ ನಾಲ್ಕು ಜನ ಕಾವಲುಗಾರರನ್ನು ನೆಚ್ಚಿಕೊಳ್ಳುತ್ತಿರಲಿಲ್ಲ, ವಕೀಲನನ್ನು ಹಿಡಿಯುತ್ತಿದ್ದ. ನಾಲ್ಕು ಶತಮಾನ ಹಳೆಯ ಶಾಸನವೊಂದು ಪೆಟ್ಟಿಗೆಯಲ್ಲಿದ್ದರೆ ಅದೇ ಕೋಟೆ.

ಜೊತೆಗೆ ಚಕ್ರವರ್ತಿಗೂ ಲಾಭವಿತ್ತು. ದೊಡ್ಡ ದೊರೆಗಳು ಅವನಿಗೆ ಎದುರಾಳಿಗಳು. ಚಿಕ್ಕವರು ಅವನ ರಕ್ಷಣೆ ಬೇಕಾದವರು, ಹಾಗಾಗಿ ನಿಷ್ಠರು. ಚಿಕ್ಕವರನ್ನು ಕಾಯುವುದೇ ಅವನ ರಾಜಕೀಯ. ದೊಡ್ಡವರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದರು. ಒಬ್ಬ ಒಂದು ನಗರ ನುಂಗಿದರೆ ಉಳಿದವರಿಗೆ ನಿದ್ದೆ ಬರುತ್ತಿರಲಿಲ್ಲ.

ಈ ಕೋಟೆ ಕುಸಿದ ಪ್ರಸಂಗಗಳೂ ಇವೆ. ಡೊನಾವ್ಯೂರ್ತ್ ಎಂಬ ಮುಕ್ತ ನಗರದಲ್ಲಿ (ಚಕ್ರವರ್ತಿಗೆ ಮಾತ್ರ ತಲೆಬಾಗುವ ಊರು) ಕ್ಯಾಥೊಲಿಕರ ಮೆರವಣಿಗೆಗೆ ಪ್ರಾಟೆಸ್ಟೆಂಟರು ಅಡ್ಡಿ ಮಾಡಿದರೆಂದು ಅದಕ್ಕೆ ಬಹಿಷ್ಕಾರ ಬಿತ್ತು. 1607ರಲ್ಲಿ ಬವೇರಿಯಾದ ಮ್ಯಾಕ್ಸಿಮಿಲಿಯನ್ ಶಿಕ್ಷೆ ಜಾರಿ ಮಾಡುವ ನೆಪದಲ್ಲಿ ನುಗ್ಗಿದ. ದಂಡಯಾತ್ರೆಯ ಖರ್ಚು ತೀರುವವರೆಗೆ ಎಂದು ಹಿಡಿದುಕೊಂಡ ಊರನ್ನು ಬಿಡಲೇ ಇಲ್ಲ. ಅದರ ಮರುವರ್ಷವೇ ಪ್ರಾಟೆಸ್ಟೆಂಟ್ ದೊರೆಗಳು ಒಕ್ಕೂಟ ಕಟ್ಟಿದರು. ಮೂವತ್ತು ವರ್ಷಗಳ ಯುದ್ಧಕ್ಕೆ ಹೋಗುವ ದಾರಿಯಲ್ಲಿ ಅದೊಂದು ಮೈಲಿಗಲ್ಲು.

ಪ್ರಜೆಗಳು ತಮ್ಮ ರಾಜನ ಮೇಲೇ ಕೇಸು ಹಾಕಬಹುದಿತ್ತಾ?

ಹಾಕಬಹುದಿತ್ತು, ಹಾಕುತ್ತಲೂ ಇದ್ದರು. ಹೊಸ ತೆರಿಗೆ, ಬಿಟ್ಟಿ ಚಾಕರಿ, ಕಾಡಿನ ಹಕ್ಕು ಎಂದು ಹಳ್ಳಿಗಳು ಹಣ ಕೂಡಿಸಿ ದೊರೆಯ ಮೇಲೆ ವ್ಯಾಜ್ಯ ಹೂಡುತ್ತಿದ್ದವು. ಮೆಕ್ಲೆನ್‌ಬರ್ಗ್‌ನ ಡ್ಯೂಕ್ ಕಾರ್ಲ್ ಲಿಯೊಪೋಲ್ಡ್ ತನ್ನ ನಾಡಿನ ಜಮೀನ್ದಾರರ ಹಕ್ಕುಗಳನ್ನು ಮುರಿದದ್ದಕ್ಕೆ 1728ರಲ್ಲಿ ವಿಯೆನ್ನಾದ ಮಂಡಳಿ ಅವನ ಅಧಿಕಾರವನ್ನೇ ಕಿತ್ತುಕೊಂಡಿತು.

ನಿಧಾನ ಮಾತ್ರ ಭಯಂಕರ. ತಲೆಮಾರುಗಟ್ಟಲೆ ಎಳೆದ ಮೊಕದ್ದಮೆಗಳುಂಟು. 1772ರಲ್ಲಿ, ಮುಂದೆ ಮಹಾಕವಿಯಾದ ಎಳೆಯ ವಕೀಲ ಗಯಟೆ ತರಬೇತಿಗೆಂದು ವೆಟ್ಜ್‌ಲಾರ್‌ಗೆ ಹೋದಾಗ ಅಲ್ಲಿ ಕಡತಗಳ ಗುಡ್ಡ ಬಿದ್ದಿತ್ತು. ಆದರೆ ತೀರ್ಪು ಬರದಿದ್ದರೂ ಕೇಸು ನಡೆಯುತ್ತಿರುವಷ್ಟು ಕಾಲ ದೊರೆ ಕೈಕಟ್ಟಿ ಕೂರಬೇಕಾಗುತ್ತಿತ್ತು. ಅನೇಕ ಹಳ್ಳಿಗಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಅವರವರ ನಡುವೆ ಯುದ್ಧ ಆಗ್ತಿತ್ತಾ?

ಆಗುತ್ತಿತ್ತು. 1740ರಲ್ಲಿ ಪ್ರಷ್ಯಾ ಸೈಲೀಸಿಯಾಕ್ಕೆ ನುಗ್ಗಿದ್ದು ದೊಡ್ಡದಕ್ಕೆ ಉದಾಹರಣೆ. ಚಿಕ್ಕದಕ್ಕೆ 1747-48ರ ವಾಸುಂಗನ್ ಯುದ್ಧ. ಮೈನಿಂಗನ್ ಆಸ್ಥಾನದಲ್ಲಿ ಇಬ್ಬರು ಹೆಂಗಸರಲ್ಲಿ ಯಾರು ಮುಂದೆ ನಡೆಯಬೇಕು ಎಂಬ ಜಗಳ ಸೆರೆವಾಸಕ್ಕೆ ತಿರುಗಿತು, ಅಲ್ಲಿಂದ ನ್ಯಾಯಾಲಯಕ್ಕೆ ಹೋಯಿತು, ಕೊನೆಗೆ ಗೋಥಾದ ಸೈನಿಕರು ವಾಸುಂಗನ್ ಪಟ್ಟಣಕ್ಕೆ ನುಗ್ಗಿದರು. ಎರಡೂ ಕಡೆಯವರು ದಾಯಾದಿಗಳು ಎಂದು ಬೇರೆ ಹೇಳಬೇಕಿಲ್ಲ.

ಹೊರಗಿನ ಶತ್ರು ಬಂದರೆ ಸೈನ್ಯ ಎಲ್ಲಿಂದ?

ವಂತಿಗೆಯಿಂದ. 1521ರಲ್ಲಿ ಒಂದು ಪಟ್ಟಿ ಮಾಡಿದರು, ಯಾರು ಎಷ್ಟು ಕುದುರೆ, ಎಷ್ಟು ಕಾಲಾಳು ಕೊಡಬೇಕು ಎಂದು. ಒಟ್ಟು 4,000 ಕುದುರೆ, 20,000 ಕಾಲಾಳು. ತಿಂಗಳಿಗೆ ಕುದುರೆ ಸವಾರನಿಗೆ 12 ಗಿಲ್ಡರ್, ಕಾಲಾಳಿಗೆ 4 ಎಂದರೆ ತಿಂಗಳ ಖರ್ಚು 1,28,000 ಗಿಲ್ಡರ್. ಇದಕ್ಕೆ ‘ರೋಮನ್ ತಿಂಗಳು’ ಎಂದು ಹೆಸರು. ಮುಂದೆ ಮುನ್ನೂರು ವರ್ಷ ತೆರಿಗೆಯನ್ನು ಇದೇ ಅಳತೆಯಲ್ಲಿ ಎತ್ತಿದರು.

ಕಷ್ಟ ರಣರಂಗದಲ್ಲಿ ಗೊತ್ತಾಗುತ್ತಿತ್ತು. ಸ್ವಾಬಿಯಾದಂಥ ಪ್ರದೇಶದಲ್ಲಿ ಒಂದೊಂದು ತುಕಡಿಯನ್ನೂ ಹಲವು ಮಠ, ನಗರ, ಕೌಂಟ್‌ಗಳು ಸೇರಿ ತುಂಬಿಸಬೇಕು. ಬಂದೂಕು ಒಂದೊಂದು ತೆರ, ಕವಾಯತು ಒಂದೊಂದು ತೆರ. 1757ರ ನವೆಂಬರ್ 5ರಂದು ರಾಸ್‌ಬಾಖ್‌ನಲ್ಲಿ ಪ್ರಷ್ಯಾದ ಫ್ರೆಡರಿಕ್ ಈ ಸೇನೆಯನ್ನೂ ಜೊತೆಗಿದ್ದ ಫ್ರೆಂಚರನ್ನೂ ಎರಡು ಗಂಟೆಯೊಳಗೆ ಚದುರಿಸಿದ.

ಒಂದೂರಲ್ಲಿ ಕ್ಯಾಥೊಲಿಕ್, ಪಕ್ಕದೂರಲ್ಲಿ ಪ್ರಾಟೆಸ್ಟೆಂಟ್... ಹೇಗೆ ಸಂಭಾಳಿಸಿದರು?

1555ರ ಔಗ್ಸ್‌ಬರ್ಗ್ ಒಪ್ಪಂದದಲ್ಲಿ ದೊರೆಯ ಧರ್ಮವೇ ನಾಡಿನ ಧರ್ಮ ಎಂದಾಯಿತು. ಒಪ್ಪದವರು ಆಸ್ತಿ ಮಾರಿ ಹೊರಡಬಹುದು. ಅದು ಸಾಲದೆ 1618ರಿಂದ ಮೂವತ್ತು ವರ್ಷ ರಕ್ತ ಹರಿಯಿತು. 1648ರ ವೆಸ್ಟ್‌ಫಾಲಿಯಾ ಸಂಧಿಯಲ್ಲಿ ಗುಮಾಸ್ತರಿಗೆ ಒಪ್ಪುವಂಥ ಉಪಾಯ ಹುಡುಕಿದರು: 1624ರ ಜನವರಿ 1ರಂದು ಎಲ್ಲಿ ಯಾವ ಪಂಥಕ್ಕೆ ಏನೇನು ಹಕ್ಕಿತ್ತೋ ಅದೇ ಮುಂದುವರಿಯಲಿ. ಇನ್ನು ಮೇಲೆ ದೊರೆ ಮತ ಬದಲಿಸಿದರೂ ಪ್ರಜೆಗಳು ಬದಲಿಸಬೇಕಿಲ್ಲ.

ಔಗ್ಸ್‌ಬರ್ಗ್, ಬೀಬರಾಖ್, ರಾವೆನ್ಸ್‌ಬರ್ಗ್, ಡಿಂಕೆಲ್ಸ್‌ಬ್ಯೂಲ್ ಎಂಬ ನಾಲ್ಕು ನಗರಗಳಲ್ಲಿ ಹುದ್ದೆಗಳನ್ನು ಎರಡೂ ಪಂಥಗಳಿಗೆ ಸಮಸಮ ಹಂಚಿದರು. ಓಸ್ನಾಬ್ರೂಕ್‌ನಲ್ಲಿ ಒಬ್ಬ ಕ್ಯಾಥೊಲಿಕ್ ಬಿಷಪ್ ಆದ ಮೇಲೆ ಒಬ್ಬ ಪ್ರಾಟೆಸ್ಟೆಂಟ್. ಔಗ್ಸ್‌ಬರ್ಗ್‌ನಲ್ಲಿ ಆಗಸ್ಟ್ 8 ಇಂದಿಗೂ ಶಾಂತಿ ಹಬ್ಬದ ರಜೆ, ಜರ್ಮನಿಯಲ್ಲಿ ಆ ಒಂದು ಊರಿಗೆ ಮಾತ್ರ.

ಸಾಮಾನ್ಯ ಜನರಿಗೆ ಇದರಿಂದ ಒಳ್ಳೇದಾಯ್ತಾ, ಕೆಟ್ಟದಾಯ್ತಾ?

ವ್ಯಾಪಾರಿಗೆ ಕೆಟ್ಟದ್ದೇ. ರೈನ್ ನದಿಯಲ್ಲಿ ಸರಕು ಸಾಗಿಸಿದರೆ ಹೆಜ್ಜೆಹೆಜ್ಜೆಗೂ ಸುಂಕದ ಕಟ್ಟೆ. ಕೌಬ್ ಬಳಿ ನದಿಯ ನಡುವಿನ ಬಂಡೆಯ ಮೇಲೇ ಸುಂಕಕ್ಕೆಂದು ಕೋಟೆ ಕಟ್ಟಿದ್ದಾರೆ, ಈಗಲೂ ನೋಡಬಹುದು. ನಾಣ್ಯ ಬೇರೆ, ತೂಕ ಬೇರೆ, ಬಟ್ಟೆ ಅಳೆಯುವ ಮೊಳ ಬೇರೆ. ಸುಂಕದ ಗೋಡೆಗಳು ಬಹುಪಾಲು ಬಿದ್ದದ್ದು ಸಾಮ್ರಾಜ್ಯ ಮುಗಿದ ಎಷ್ಟೋ ಕಾಲದ ಮೇಲೆ, 1834ರ ಸುಂಕ ಒಕ್ಕೂಟದಿಂದ.

ಬರಹಗಾರರಿಗೆ ಗಡಿ ಎರಡಲಗಿನ ಕತ್ತಿ. ವುರ್ಟೆಂಬರ್ಗ್‌ನ ಡ್ಯೂಕ್ ಕಾರ್ಲ್ ಯೂಜೆನ್, ಸೇನೆಯ ವೈದ್ಯನಾಗಿದ್ದ ಶಿಲ್ಲರ್‌ಗೆ ನಾಟಕ ಬರೆಯಬೇಡ ಎಂದು ಅಪ್ಪಣೆ ಮಾಡಿದ. 1782ರ ಸೆಪ್ಟೆಂಬರಿನಲ್ಲಿ ಶಿಲ್ಲರ್ ರಾತ್ರೋರಾತ್ರಿ ಗಡಿ ದಾಟಿ ಮ್ಯಾನ್‌ಹೈಮ್ ಸೇರಿದ, ಅಷ್ಟಕ್ಕೇ ಡ್ಯೂಕ್‌ನ ಕೈ ನಿಂತಿತು. ಅದೇ ಡ್ಯೂಕ್ ಐದು ವರ್ಷದ ಹಿಂದೆ ಪತ್ರಕರ್ತ ಶೂಬಾರ್ಟ್‌ನನ್ನು ಹಿಡಿದ ಬಗೆ ನೋಡಿ. ಶೂಬಾರ್ಟ್ ಉಲ್ಮ್ ಎಂಬ ಮುಕ್ತ ನಗರದಲ್ಲಿ ಸುರಕ್ಷಿತವಾಗಿದ್ದ. ಅವನನ್ನು ಪುಸಲಾಯಿಸಿ ಹತ್ತಿರದ ಬ್ಲೌಬಾಯರನ್‌ಗೆ, ಅಂದರೆ ವುರ್ಟೆಂಬರ್ಗ್ ನೆಲಕ್ಕೆ ಕರೆತಂದರು. ಹತ್ತು ವರ್ಷ ಕೋಟೆಯಲ್ಲಿ ಸೆರೆ.

ಬಾಖ್, ಗಯಟೆ ಎಲ್ಲ ಬೆಳೆದದ್ದು ಈ ಚಿಕ್ಕ ಆಸ್ಥಾನಗಳಿಂದಲೇ ಅಂತಾರಲ್ಲ?

ಬಹಳ ಮಟ್ಟಿಗೆ ಹೌದು. ಪ್ರತಿ ದೊರೆಗೂ ತನ್ನದೊಂದು ವಾದ್ಯವೃಂದ, ರಂಗಮಂದಿರ, ಗ್ರಂಥಾಲಯ, ಕೈಲಾದರೆ ವಿಶ್ವವಿದ್ಯಾಲಯ ಬೇಕಿತ್ತು. ಎಂದರೆ ಕಲಾವಿದನಿಗೆ ಹತ್ತು ಬಾಗಿಲು. ಆದರೆ ಒಂದು ಬಾಗಿಲಿಂದ ಇನ್ನೊಂದಕ್ಕೆ ಹೋಗುವುದು ಸುಲಭವಿರಲಿಲ್ಲ. 1717ರಲ್ಲಿ ಸಂಗೀತಗಾರ ಬಾಖ್ ವೈಮಾರ್ ಬಿಟ್ಟು ಕ್ಯೋಥನ್‌ಗೆ ಹೋಗುತ್ತೇನೆಂದು ಪಟ್ಟು ಹಿಡಿದಾಗ ವೈಮಾರ್ ಡ್ಯೂಕ್ ಅವನನ್ನು ಸುಮಾರು ಒಂದು ತಿಂಗಳು ಜೈಲಿಗೆ ಹಾಕಿದ.

ಈ ವೈಭವಕ್ಕೆ ದುಡ್ಡು ಎಲ್ಲಿಂದ ಬಂತೆಂದೂ ಕೇಳಬೇಕು. ಹೆಸ್ಸೆ-ಕಾಸೆಲ್ ಮತ್ತು ಇನ್ನೈದು ಚಿಕ್ಕ ರಾಜ್ಯಗಳು ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಬ್ರಿಟನ್ನಿಗೆ ಸುಮಾರು 30,000 ಸೈನಿಕರನ್ನು ಬಾಡಿಗೆಗೆ ಕೊಟ್ಟವು, ಅರ್ಧಕ್ಕಿಂತ ಹೆಚ್ಚು ಹೆಸ್ಸೆ-ಕಾಸೆಲ್ ಒಂದರಿಂದಲೇ. ಹಣ ದೊರೆಯ ಬೊಕ್ಕಸಕ್ಕೆ. ಚಿಕ್ಕ ಆಸ್ಥಾನಗಳನ್ನು ಹಾಡಿ ಹೊಗಳುವವರು ಈ ಲೆಕ್ಕವನ್ನು ಮರೆಯುತ್ತಾರೆ.

## ಇನ್ನಷ್ಟು ಆಳಕ್ಕೆ

ನಮ್ಮ ಜಮಖಂಡಿ, ಮುಧೋಳ, ಸಂಡೂರು ಸಂಸ್ಥಾನಗಳ ಹಾಗೆಯೇ ಅಂತ ತಿಳ್ಕೋಬಹುದಾ?

ನಕಾಶೆ ನೋಡಿದರೆ ಹಾಗೆ ಅನ್ನಿಸುವುದು ಸಹಜ. ರಾಮದುರ್ಗ, ಸವಣೂರುಗಳನ್ನೂ ಸೇರಿಸಿಕೊಳ್ಳಿ, ಬ್ರಿಟಿಷರ ಕಾಲದ ಉತ್ತರ ಕರ್ನಾಟಕವೂ ಹೀಗೇ ತೇಪೆ ತೇಪೆ. ಆದರೆ ನಮ್ಮ ಸಂಸ್ಥಾನಿಕರಿಗೆ ಸಾಮ್ರಾಜ್ಯದ ಕಾನೂನು ಮಾಡುವುದರಲ್ಲಿ ಪಾಲಿರಲಿಲ್ಲ. 1921ರ ನರೇಂದ್ರ ಮಂಡಲವೂ ಸಲಹೆ ಕೊಡಬಹುದಿತ್ತು, ಅಷ್ಟೇ. ಬ್ರಿಟಿಷ್ ಏಜೆಂಟ್ ಹೇಳಿದ್ದೇ ಕೊನೆ, ಅವನ ಮೇಲೆ ದಾವೆ ಹೂಡಲು ನ್ಯಾಯಾಲಯವಿಲ್ಲ. ಜರ್ಮನ್ ದೊರೆಗಳು ಚಕ್ರವರ್ತಿಯನ್ನು ತಾವೇ ಆರಿಸುತ್ತಿದ್ದರು, ತೆರಿಗೆಗೆ ಅವನು ಅವರ ಸಭೆಯ ಒಪ್ಪಿಗೆ ಬೇಡಬೇಕಿತ್ತು. 1663ರಿಂದ ರೇಗನ್ಸ್‌ಬರ್ಗ್‌ನಲ್ಲಿ ಆ ಸಭೆ ಕಾಯಂ ಆಗಿ ಕೂತೇ ಇತ್ತು.

ಈ ರಾಜ್ಯಗಳಿಗೂ ಕರ್ನಾಟಕಕ್ಕೂ ಏನಾದರೂ ಸಂಬಂಧ ಇದೆಯೇ?

ಇದೆ. ಇಂಗ್ಲೆಂಡಿನ ಮೂರನೇ ಜಾರ್ಜ್ ಹ್ಯಾನೋವರ್‌ನ ದೊರೆಯೂ ಹೌದು. ಹೈದರಾಲಿಯೊಂದಿಗೆ ಎರಡನೇ ಮೈಸೂರು ಯುದ್ಧ ನಡೆಯುತ್ತಿದ್ದಾಗ ಹ್ಯಾನೋವರ್‌ನ ಎರಡು ಕಾಲಾಳು ರೆಜಿಮೆಂಟುಗಳನ್ನು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಕಳಿಸಿದರು. 1782ರಲ್ಲಿ ಮದರಾಸಿಗೆ ಬಂದ ಅವರು, 1783ರ ಜೂನಿನಲ್ಲಿ ಕಡಲೂರಿನ ಬಳಿ ಮೈಸೂರಿನ ಮಿತ್ರರಾಗಿದ್ದ ಫ್ರೆಂಚರ ವಿರುದ್ಧ ಹೋರಾಡಿದರು.

ಮುಂದಿನ ತಲೆಮಾರುಗಳ ನಂಟು ಬೇರೆ ತರಹದ್ದು. ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ 1811ರಲ್ಲಿ ವುರ್ಟೆಂಬರ್ಗ್‌ನ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದರು. ಅವರು ಕೊನೆಯುಸಿರೆಳೆದ ಎಸ್ಲಿಂಗನ್, ಅವರು ಹುಟ್ಟುವ ಕೆಲವೇ ವರ್ಷ ಮೊದಲಿನವರೆಗೆ ಮುಕ್ತ ನಗರವಾಗಿತ್ತು. ಕಿಟೆಲ್ ಹುಟ್ಟಿದ ಪೂರ್ವ ಫ್ರಿಸಿಯಾ ಕೂಡ ಒಂದು ಕಾಲಕ್ಕೆ ಪುಟ್ಟ ಸ್ವತಂತ್ರ ರಾಜ್ಯ. ಅಲ್ಲಿನ ರಾಜವಂಶ 1744ರಲ್ಲಿ ನಿಂತುಹೋಗಿ ಪ್ರಷ್ಯಾಕ್ಕೆ ಸೇರಿತು. 1832ರಲ್ಲಿ ಕಿಟೆಲ್ ಹುಟ್ಟುವ ಹೊತ್ತಿಗೆ ಅದು ಹ್ಯಾನೋವರ್‌ನ ಕೈಯಲ್ಲಿತ್ತು.

ಹಾಗಾದರೆ ಸಾವಿರ ವರ್ಷ ಉಳಿದದ್ದು ಮೂರೇ ವರ್ಷದಲ್ಲಿ ಹೇಗೆ ಕುಸಿಯಿತು?

ಕಾಯುವವರೇ ಹಂಚಿಕೊಂಡರು. ನೆಪೋಲಿಯನ್‌ನ ಫ್ರಾನ್ಸ್ 1801ರ ಲ್ಯೂನೆವಿಲ್ ಒಪ್ಪಂದದಲ್ಲಿ ರೈನ್‌ನ ಎಡದಂಡೆಯನ್ನೆಲ್ಲ ಪಡೆಯಿತು. ಅಲ್ಲಿ ನೆಲ ಕಳೆದುಕೊಂಡ ದೊರೆಗಳಿಗೆ ಪರಿಹಾರ ಕೊಡಬೇಕು. ಪರಿಹಾರಕ್ಕೆ ನೆಲ ಎಲ್ಲಿದೆ? ಬಿಷಪ್‌ಗಳದು, ಮಠಗಳದು, ನಗರಗಳದು. 1803ರ ಫೆಬ್ರವರಿ 25ರ ನಿರ್ಣಯದಲ್ಲಿ ಒಂದೇ ಏಟಿಗೆ 112 ಘಟಕಗಳು ಅಳಿಸಿಹೋದವು. ಸುಮಾರು ಐವತ್ತು ನಗರಗಳಲ್ಲಿ ಉಳಿದದ್ದು ಆರು: ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್, ಫ್ರಾಂಕ್‌ಫರ್ಟ್, ಔಗ್ಸ್‌ಬರ್ಗ್, ನ್ಯೂರೆಂಬರ್ಗ್. ಸುಮಾರು ಮೂವತ್ತು ಲಕ್ಷ ಜನ ಹೊಸ ಒಡೆಯರ ಕೈಗೆ ಬಂದರು. ಬಾಡೆನ್, ವುರ್ಟೆಂಬರ್ಗ್, ಪ್ರಷ್ಯಾಗಳಿಗೆ ಕಳೆದುಕೊಂಡದ್ದರ ಹಲವು ಪಟ್ಟು ಸಿಕ್ಕಿತು. ಮಠಗಳ ಹಸ್ತಪ್ರತಿಗಳು ಗಾಡಿಗಟ್ಟಲೆ ಮ್ಯೂನಿಕ್ ಸೇರಿದವು. ಪರಿಹಾರ ಎಂಬುದು ನೆಪ, ಇದು ಲೂಟಿ ಎಂದೇ ನನ್ನ ಅಭಿಪ್ರಾಯ. ಲೂಟಿಯನ್ನೂ ಕಾಯಿದೆಬದ್ಧವಾಗಿ, ಕಲಮುಗಳಾಗಿ ಬರೆದು ಮಾಡಿದರು ಎನ್ನುವುದು ಆ ಸಾಮ್ರಾಜ್ಯದ ಸ್ವಭಾವಕ್ಕೆ ತಕ್ಕದ್ದೇ.

ಚಿಕ್ಕವರೇ ಚಕ್ರವರ್ತಿಯ ಬೆಂಬಲಿಗರಲ್ಲವೇ? ಅವರು ಹೋದ ಮೇಲೆ ಅವನಿಗೆ ನಿಲ್ಲಲು ನೆಲವಿಲ್ಲ. 1806ರ ಜುಲೈನಲ್ಲಿ ಹದಿನಾರು ರಾಜ್ಯಗಳು ನೆಪೋಲಿಯನ್‌ನ ರೈನ್ ಒಕ್ಕೂಟ ಸೇರಿದವು. ಆಗಸ್ಟ್ 6ರಂದು ಎರಡನೇ ಫ್ರಾನ್ಸಿಸ್ ಕಿರೀಟ ಕೆಳಗಿಟ್ಟ. ಎರಡು ವರ್ಷ ಮೊದಲೇ ಆಸ್ಟ್ರಿಯಾದ ಚಕ್ರವರ್ತಿ ಎಂಬ ಹೊಸ ಪಟ್ಟ ಕಟ್ಟಿಕೊಂಡಿದ್ದರಿಂದ ಬರಿಗೈಯಲ್ಲೇನೂ ಹೋಗಲಿಲ್ಲ.

ಲೀಕ್ಟನ್‌ಸ್ಟೈನ್ ಒಂದೇ ಹೇಗೆ ತಪ್ಪಿಸಿಕೊಂಡಿತು?

ಆ ಮನೆತನಕ್ಕೆ ಆಸ್ತಿ ಬಹಳವಿತ್ತು, ಆದರೆ ಎಲ್ಲವೂ ಬೇರೆ ಪ್ರಭುಗಳ ಕೆಳಗೆ. ಮಹಾಸಭೆಯಲ್ಲಿ ಜಾಗ ಬೇಕೆಂದರೆ ಚಕ್ರವರ್ತಿಯ ನೇರ ಕೆಳಗಿನ ನೆಲ ಬೇಕು. ಅದಕ್ಕಾಗಿ 1699ರಲ್ಲಿ ಶೆಲ್ಲೆನ್‌ಬರ್ಗ್, 1712ರಲ್ಲಿ ಫಾಡುಟ್ಸ್ ಕೊಂಡರು. 1719ರಲ್ಲಿ ಎರಡೂ ಸೇರಿ ಸಂಸ್ಥಾನವಾಯಿತು. ಕೊಂಡವರು ನೂರಕ್ಕೂ ಹೆಚ್ಚು ವರ್ಷ ಆ ಕಡೆ ತಲೆಹಾಕಲಿಲ್ಲ, ರಾಜ್ಯವಾಳುವ ದೊರೆ ಅಲ್ಲಿಗೆ ಮೊದಲು ಬಂದದ್ದು 1842ರಲ್ಲಿ. ನೆಪೋಲಿಯನ್ ಅದನ್ನು ತನ್ನ ಒಕ್ಕೂಟಕ್ಕೆ ಸೇರಿಸಿಕೊಂಡ, 1815ರ ಹೊಸ ಜರ್ಮನ್ ಒಕ್ಕೂಟದಲ್ಲೂ ಅದಕ್ಕೆ ಜಾಗ ಸಿಕ್ಕಿತು. ಆ ಒಕ್ಕೂಟ 1866ರಲ್ಲಿ ಮುರಿದಾಗ, ಆಸ್ಟ್ರಿಯಾ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಸಿಕ್ಕಿಕೊಂಡಿದ್ದ ಈ 160 ಚದರ ಕಿಲೋಮೀಟರ್ ತುಂಡು ಪ್ರಷ್ಯಾದ ಕೈಗೆ ಎಟುಕಲಿಲ್ಲ. ಅದೃಷ್ಟವೇ ಹೆಚ್ಚು. ಇನ್ನು ಹ್ಯಾಂಬರ್ಗ್, ಬ್ರೆಮೆನ್ ನಗರಗಳು ಇಂದಿಗೂ ಜರ್ಮನಿಯ ಪೂರ್ಣ ರಾಜ್ಯಗಳು. ಲ್ಯೂಬೆಕ್ ಆ ಸ್ಥಾನವನ್ನು 1937ರಲ್ಲಿ ಕಳೆದುಕೊಂಡಿತು.

ಜರ್ಮನಿಗೆ ಹೋದರೆ ಇದನ್ನೆಲ್ಲ ಎಲ್ಲಿ ನೋಡಬಹುದು?

ರೇಗನ್ಸ್‌ಬರ್ಗ್‌ನ ಹಳೆಯ ಪುರಭವನದಲ್ಲಿ ಮಹಾಸಭೆ ಕೂರುತ್ತಿದ್ದ ಕೋಣೆ ಹಾಗೇ ಇದೆ. ವೆಟ್ಜ್‌ಲಾರ್‌ನಲ್ಲಿ ನ್ಯಾಯಾಲಯದ ಮ್ಯೂಸಿಯಂ ಇದೆ. ಕ್ವೆಡ್ಲಿನ್‌ಬರ್ಗ್‌ನ ಮಠ ಮತ್ತು ಹಳೆಯ ಪಟ್ಟಣ ಯುನೆಸ್ಕೋ ಪಟ್ಟಿಯಲ್ಲಿವೆ. ಒಂದೇ ದಿನ ಸಮಯವಿದ್ದರೆ ರೇಗನ್ಸ್‌ಬರ್ಗ್ ಆರಿಸಿಕೊಳ್ಳಿ, ಮ್ಯೂನಿಕ್‌ನಿಂದ ರೈಲಿನಲ್ಲಿ ಹೋಗಿ ಸಂಜೆಗೆ ವಾಪಸು ಬರಬಹುದು.